ನಡುನೀರಲ್ಲಿ ಕೈಕೊಡದ ಮೋಟಾರು: ಔಟ್‌ಬೋರ್ಡ್ ಎಂಜಿನ್ ಆಯ್ಕೆ ಮತ್ತು ಆರೈಕೆ

ಅರಸೀಕೆರೆ ತಾಲ್ಲೂಕಿನ ನಮ್ಮ ಗಂಡಸಿ ಕಡೆ "ಮೋಟ್ರು ಹೋಯ್ತು" ಅಂದ್ರೆ ಯಾರಿಗೂ ದೋಣಿ ನೆನಪಾಗಲ್ಲ. ತೆಂಗಿನ ತೋಟದ ಬೋರ್‌ವೆಲ್‌ನಲ್ಲಿ ನೀರು ಕೆಳಗೆ ಹೋಗಿದೆ, ಮೋಟಾರು ನೀರಿಲ್ಲದೆ ಓಡಿದೆ, ಕಾಯಿಲ್ ಸುಟ್ಟಿದೆ, ಮೇಲೆತ್ತಿ ರಿವೈಂಡಿಂಗ್ ಮಾಡಿಸ್ಬೇಕು ಅಂತ ಅರ್ಥ. ಕರಾವಳಿಯ ಗಂಗೊಳ್ಳಿ, ಮಲ್ಪೆ, ಉಪ್ಪುಂದದಲ್ಲಿ ಇದೇ ಮಾತಿಗೆ ತೂಕ ಬೇರೆ. ತೋಟದ ಮೋಟಾರು ಕೆಟ್ಟರೆ ನಾವು ನೆಲದ ಮೇಲೇ ನಿಂತಿರ್ತೀವಿ. ಅಳಿವೆ ಬಾಗಿಲಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗತ್ತೆ. ಮುಂದಿನ ಅಲೆಗೆ ಮಗುಚಿದರೂ ಮಗುಚಬಹುದು.

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರತ್ತೆ. ಆದರೆ 10 ಎಚ್‌ಪಿ ಒಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಅನುಮತಿ ಇದೆ. ಅಂದ್ರೆ ಸಮುದ್ರ ತುಂಬಾ ಒರಟಾಗಿರೋ ಎರಡು ತಿಂಗಳಲ್ಲಿ ನೀರಿಗಿಳಿಯೋದು ಅತಿ ಚಿಕ್ಕ ಎಂಜಿನ್. ಹಾಗಾಗಿ "ನಂಬಿಕೆಯ ಮೋಟಾರು" ಅನ್ನೋದು ಅಲ್ಲಿ ಜಾಹೀರಾತಿನ ಮಾತಲ್ಲ. ಈ ಲೇಖನದಲ್ಲಿ ಅಂಥ ಮೋಟಾರನ್ನು ಆರಿಸೋದು ಹೇಗೆ, ಉಳಿಸಿಕೊಳ್ಳೋದು ಹೇಗೆ ಅಂತ ನೋಡೋಣ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಂಬಿಕೆಯ ಅರ್ಧ ಭಾಗ ಅಂಗಡಿಯಲ್ಲಿ ಸಿಗತ್ತೆ, ಉಳಿದರ್ಧ ಪ್ರತಿ ಟ್ರಿಪ್ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ.

ಔಟ್‌ಬೋರ್ಡ್ ಅಂದ್ರೆ ಏನು?

ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಕಚ್ಚಿಸಿ ಕೂರಿಸೋ ಎಂಜಿನ್ ಇದು. ಮೇಲ್ಭಾಗದಲ್ಲಿ ಎಂಜಿನ್, ನಡುವೆ ಉದ್ದದ ಡ್ರೈವ್ ಶಾಫ್ಟ್, ನೀರೊಳಗಿನ ಕೆಳಭಾಗದಲ್ಲಿ ಗೇರ್ ಮತ್ತು ಪ್ರೊಪೆಲ್ಲರ್. ಚುಕ್ಕಾಣಿ ಬೇರೆ ಬೇಡ, ಎಂಜಿನ್ನನ್ನೇ ತಿರುಗಿಸಿದ್ರೆ ದೋಣಿ ತಿರುಗತ್ತೆ. ರಿಪೇರಿಗೆ ಬಿಚ್ಚಿ ಹೊತ್ಕೊಂಡು ಹೋಗಬಹುದು. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ 1909ರಲ್ಲಿ ಇದನ್ನು ವ್ಯಾಪಾರಕ್ಕೆ ತಂದರು. ನಮ್ಮ ಮೀನುಗಾರಿಕೆ ಇಲಾಖೆಯ ಭಾಷೆಯಲ್ಲಿ ಇದಕ್ಕೆ "ಓಬಿಎಂ" ಅಂತಾರೆ.

ಆಯ್ಕೆ 1: ಎಷ್ಟು ಎಚ್‌ಪಿ?

9.9 ಎಚ್‌ಪಿ ಅಂದ್ರೆ ಸುಮಾರು 7.4 ಕಿಲೋವ್ಯಾಟ್. ತೋಟದ 10 ಎಚ್‌ಪಿ ಪಂಪ್‌ಸೆಟ್‌ನಷ್ಟೇ ಶಕ್ತಿ. ಇಷ್ಟು ಸಾಕಾ ಅಂತ ಕೇಳಬಹುದು. ನೀರನ್ನು ಸೀಳಿಕೊಂಡು ಹೋಗೋ ಭಾರದ ದೋಣಿಗೆ ಒಂದು ವೇಗದ ಮಿತಿ ಇದೆ. ತನ್ನದೇ ಅಲೆ ಎದುರಿಗೆ ದಿಬ್ಬದ ಥರ ನಿಲ್ಲೋದ್ರಿಂದ ಬರೋ ಮಿತಿ ಅದು:

ವೇಗ (ಕಿ.ಮೀ./ಗಂಟೆ) ≈ 4.5 × √ನೀರಿನ ಮಟ್ಟದಲ್ಲಿ ದೋಣಿಯ ಉದ್ದ (ಮೀಟರ್)

9 ಮೀಟರ್ ದೋಣಿಗೆ 4.5 × 3 = 13.5 ಕಿ.ಮೀ./ಗಂಟೆ. ಬಲೆ, ಮೀನು, ಜನ ತುಂಬಿದ ದೋಣಿಯನ್ನು ಇದಕ್ಕಿಂತ ಜೋರಾಗಿ ಓಡಿಸೋಕೆ ಹೋದರೆ ಇಂಧನ ಸುರಿಯತ್ತೆ, ವೇಗ ಹೆಚ್ಚೇನೂ ಏರಲ್ಲ. ನೀರಿನ ಮೇಲೆ ಎದ್ದು ಜಾರೋ ಹಗುರ ದೋಣಿಗೆ ಮಾತ್ರ ಈ ಲೆಕ್ಕ ಅನ್ವಯಿಸಲ್ಲ. ಆದ್ರೆ ತೀರಾ ಚಿಕ್ಕದೂ ಬೇಡ. ಯಾವಾಗಲೂ ಫುಲ್ ಥ್ರಾಟಲ್‌ನಲ್ಲೇ ದುಡಿಯೋ ಎಂಜಿನ್ ಬೇಗ ಸವೆಯತ್ತೆ, ಅಳಿವೆ ದಾಟುವಾಗ ಕೈಯಲ್ಲಿ ಹೆಚ್ಚುವರಿ ಶಕ್ತಿಯೂ ಉಳಿಯಲ್ಲ.

ಆಯ್ಕೆ 2: ಶಾಫ್ಟ್ ಮತ್ತು ಪ್ರೊಪೆಲ್ಲರ್

ಶಾರ್ಟ್ ಶಾಫ್ಟ್ ಸುಮಾರು 15 ಇಂಚು, ಲಾಂಗ್ ಶಾಫ್ಟ್ 20 ಇಂಚು. ಹಿಂಬದಿ ಹಲಗೆಯ ಎತ್ತರ ಅಳೆದೇ ಕೊಳ್ಳಬೇಕು. ಪ್ರೊಪೆಲ್ಲರ್ ಮೇಲಿರೋ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಬರಬೇಕು. ಶಾಫ್ಟ್ ಗಿಡ್ಡವಾದರೆ ಪ್ರೊಪೆಲ್ಲರ್ ಗಾಳಿ ಎಳೆಯತ್ತೆ, ಎಂಜಿನ್ ಕಿರುಚತ್ತೆ, ದೋಣಿ ಮುಂದೆ ಹೋಗಲ್ಲ. ಕೂಲಿಂಗ್ ನೀರೂ ತಪ್ಪತ್ತೆ.

ಪ್ರೊಪೆಲ್ಲರ್ ಮೇಲೆ ಎರಡು ಅಳತೆ ಇರತ್ತೆ: ವ್ಯಾಸ ಮತ್ತು ಪಿಚ್. ಬೆಣ್ಣೆಯಲ್ಲಿ ಸ್ಕ್ರೂ ತಿರುಗಿಸಿದ ಹಾಗೆ, ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕಿತ್ತು ಅನ್ನೋದೇ ಪಿಚ್. ಇದು ಬೈಕಿನ ಗೇರ್ ಥರ. ಪೂರ್ತಿ ಲೋಡ್ ಹಾಕಿ ಫುಲ್ ಥ್ರಾಟಲ್ ಕೊಟ್ಟಾಗ, ಕಂಪನಿ ಕೈಪಿಡಿಯಲ್ಲಿ ಹೇಳಿದ ಆರ್‌ಪಿಎಂ ಬರಬೇಕು. ಬರದಿದ್ರೆ ಪಿಚ್ ಹೆಚ್ಚಾಗಿದೆ, ಮೂರನೇ ಗೇರ್‌ನಲ್ಲಿ ಘಾಟಿ ಹತ್ತಿಸಿದ ಹಾಗೆ ಎಂಜಿನ್ ಏದುಸಿರು ಬಿಡ್ತಿದೆ ಅಂತ. ಮೀರಿದ್ರೆ ಪಿಚ್ ಕಡಿಮೆ. ಒಂದು ಇಂಚು ಬದಲಾಯಿಸಿದರೆ ಸುಮಾರು 200 ಆರ್‌ಪಿಎಂ ಬದಲಾಗತ್ತೆ.

ಆಯ್ಕೆ 3: ಟೂ-ಸ್ಟ್ರೋಕಾ, ಫೋರ್-ಸ್ಟ್ರೋಕಾ, ಸೀಮೆಎಣ್ಣೆಯಾ?

ಟೂ-ಸ್ಟ್ರೋಕ್ ಹಗುರ, ಭಾಗಗಳು ಕಡಿಮೆ, ದಡದಲ್ಲೇ ಬಿಚ್ಚಿ ಜೋಡಿಸಬಹುದು. ಆದರೆ ಇಂಧನ ಜಾಸ್ತಿ ಕುಡಿಯತ್ತೆ, ಹೊಗೆ ಜಾಸ್ತಿ. ಫೋರ್-ಸ್ಟ್ರೋಕ್‌ನಲ್ಲಿ ಇಂಧನ ಉಳಿತಾಯ, ಶಬ್ದ ಕಡಿಮೆ. ಆದರೆ ತೂಕ ಮತ್ತು ಬೆಲೆ ಹೆಚ್ಚು, ಎಂಜಿನ್ ಆಯಿಲ್ ಕಾಲಕಾಲಕ್ಕೆ ಬದಲಾಯಿಸ್ಬೇಕು.

ನಮ್ಮ ನಾಡದೋಣಿಗಳಲ್ಲಿ ಬಹುಕಾಲದಿಂದ ಇರೋದು ಸೀಮೆಎಣ್ಣೆ ಎಂಜಿನ್. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗತ್ತೆ. ಸೀಮೆಎಣ್ಣೆ ಸುಲಭವಾಗಿ ಆವಿಯಾಗಲ್ಲ, ಅದಕ್ಕೇ ಪ್ಲಗ್ ಮೇಲೆ ಮಸಿ ಬೇಗ ಕಟ್ಟತ್ತೆ. ನಿಲ್ಲಿಸೋ ಮೊದಲು ಸ್ವಲ್ಪ ಹೊತ್ತು ಪೆಟ್ರೋಲ್‌ನಲ್ಲಿ ಓಡಿಸಿದ್ರೆ ಮುಂದಿನ ಸ್ಟಾರ್ಟ್ ಸುಲಭ. ಸರ್ಕಾರ ಪರ್ಮಿಟ್ ಮೇಲೆ ರಿಯಾಯಿತಿ ಸೀಮೆಎಣ್ಣೆ ಕೊಡ್ತಾ ಬಂದಿದ್ರೂ, ಸಮಯಕ್ಕೆ ಸಿಗಲ್ಲ ಅನ್ನೋದು ಮೀನುಗಾರರ ಹಳೇ ದೂರು. 2023ರ ರಾಜ್ಯ ಬಜೆಟ್‌ನಲ್ಲಿ ಈ ಎಂಜಿನ್‌ಗಳನ್ನು ಪೆಟ್ರೋಲ್, ಡೀಸೆಲ್‌ಗೆ ಬದಲಾಯಿಸೋಕೆ ಸಹಾಯಧನ ಘೋಷಿಸಿದ್ರು. ಹಾಗಾಗಿ ಈಗ ಆರಿಸೋರು ಇಂಧನ ಯಾವುದು ಅನ್ನೋದನ್ನೂ ಯೋಚಿಸಲೇಬೇಕು.

ಬ್ರಾಂಡ್ ವಿಷಯ: 1909ರಿಂದ ಹೆಸರು ಮಾಡಿದ್ದ ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆಯನ್ನು ಅದರ ಮಾಲೀಕ ಕಂಪನಿ 2020ರಲ್ಲಿ ನಿಲ್ಲಿಸಿತು. ಹೆಸರು ಎಷ್ಟೇ ದೊಡ್ಡದಿರಲಿ, ನಿಮ್ಮ ದಡದಿಂದ ಒಂದು ಬಸ್ ದೂರದಲ್ಲಿ ಸ್ಪೇರ್ ಪಾರ್ಟ್ಸ್ ಮತ್ತು ಆ ಎಂಜಿನ್ ಗೊತ್ತಿರೋ ಮೆಕ್ಯಾನಿಕ್ ಸಿಗ್ತಾರಾ ಅನ್ನೋದೇ ಮೊದಲ ಪ್ರಶ್ನೆ.

ಆರೈಕೆ 1: ನೀರಿನ ದಾರಿ

ಈಗ ಲೇಖನದ ಮುಖ್ಯ ಭಾಗ. ಕಾರಿನಂತೆ ಇದಕ್ಕೆ ರೇಡಿಯೇಟರ್ ಇಲ್ಲ. ಕೆಳಭಾಗದಲ್ಲಿರೋ ರಬ್ಬರ್ ಇಂಪೆಲ್ಲರ್ ಹೊರಗಿನ ನೀರನ್ನೇ ಎಳೆದು ಸಿಲಿಂಡರ್ ಸುತ್ತ ಹರಿಸಿ ಹೊರಗೆ ಬಿಡತ್ತೆ. ಇಂಪೆಲ್ಲರ್‌ನ ಎಸಳುಗಳಿಗೆ ನೀರೇ ಗ್ರೀಸ್. ನೀರಿಲ್ಲದೆ ಕೆಲವು ಸೆಕೆಂಡ್ ಓಡಿದರೂ ರಬ್ಬರ್ ಉಜ್ಜಿ ಹಾಳಾಗಬಹುದು. ಬೋರ್‌ವೆಲ್ ಸಬ್‌ಮರ್ಸಿಬಲ್‌ಗೂ ಇದೇ ಕಥೆ. ಸುತ್ತ ಹರಿಯೋ ನೀರೇ ಅದನ್ನು ತಂಪಾಗಿಡೋದು. ಹಾಗಾಗಿ "ಒಂದ್ಸಲ ಸ್ಟಾರ್ಟ್ ಆಗತ್ತಾ ನೋಡೋಣ" ಅಂತ ದಡದ ಮೇಲೆ ಒಣ ಎಂಜಿನ್ ಹಗ್ಗ ಎಳೀಬೇಡಿ.

ಎಂಜಿನ್ ಓಡುವಾಗ ಹಿಂದಿನಿಂದ ಒಂದು ಸಣ್ಣ ನೀರಿನ ಧಾರೆ ಬರತ್ತೆ. ಸ್ಟಾರ್ಟ್ ಮಾಡಿದ ಕೂಡಲೇ ಕಣ್ಣು ಅಲ್ಲಿಗೆ ಹೋಗಬೇಕು. ಧಾರೆ ಇಲ್ಲ ಅಂದ್ರೆ ಎಂಜಿನ್ ಆಫ್ ಮಾಡಿ, ನೀರೊಳಗೆ ಹೀರುವ ಜಾಲರಿಗೆ ಪ್ಲಾಸ್ಟಿಕ್ ಅಂಟಿದೆಯಾ ನೋಡಿ, ಧಾರೆಯ ರಂಧ್ರವನ್ನು ತೆಳು ತಂತಿಯಿಂದ ಬಿಡಿಸಿ. ಆಗಲೂ ಬರದಿದ್ರೆ ಇಂಪೆಲ್ಲರ್ ಬದಲಾಯಿಸ್ಬೇಕು. ಇನ್ನೊಂದು ಸೂಕ್ಷ್ಮ: ಧಾರೆ ಬರ್ತಿದೆ ಅಂದ್ರೆ ಪಂಪ್ ಕೆಲಸ ಮಾಡ್ತಿದೆ ಅಂತಷ್ಟೇ, ಒಳಗಿನ ದಾರಿ ಪೂರ್ತಿ ತೆರೆದಿದೆ ಅಂತಲ್ಲ. ಯಾಕಂದ್ರೆ ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಬಿಸಿ ಎಂಜಿನ್ ನಿಲ್ಲಿಸಿದಾಗ ಒಳಗೆ ಉಳಿದ ನೀರು ಆರಿ ಉಪ್ಪು ಗಟ್ಟಿಯಾಗತ್ತೆ.

ಮದ್ದು ಸುಲಭ. ದಡಕ್ಕೆ ಬಂದ ಮೇಲೆ ಡ್ರಮ್‌ನಲ್ಲಿ ಸಿಹಿನೀರು ತುಂಬಿ, ನೀರು ಹೀರುವ ಜಾಲರಿ ಮುಳುಗೋ ಹಾಗೆ ಇಳಿಸಿ, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ನಿಧಾನಕ್ಕೆ ಓಡಿಸಿ. ಮೊದಲು ನೀರು, ಆಮೇಲೆ ಸ್ಟಾರ್ಟ್. ಈ ಕ್ರಮ ತಪ್ಪಬಾರದು.

ಆರೈಕೆ 2: ತುಕ್ಕು ಮತ್ತು ಸತುವಿನ ತುಂಡು

ಎಂಜಿನ್ ಹೊರಕವಚ ಅಲ್ಯೂಮಿನಿಯಂ, ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲ್, ಸುತ್ತ ಉಪ್ಪುನೀರು. ಫಸ್ಟ್ ಇಯರ್ ಕೆಮಿಸ್ಟ್ರಿಯ ಗ್ಯಾಲ್ವನಿಕ್ ಸೆಲ್ ರೆಡಿ! ಅಲ್ಯೂಮಿನಿಯಂ ಕರಗದಿರಲಿ ಅಂತ ಸತುವಿನ ಆನೋಡ್ ಒಂದನ್ನು ಬಲಿ ಕೊಡ್ತಾರೆ. ಇಲ್ಲಿ ಒಂದು ಒಳ್ಳೆ ಪ್ರಶ್ನೆ ಏಳತ್ತೆ. ಟೇಬಲ್ ಪ್ರಕಾರ ಸತುವಿನ ವಿಭವ −0.76 ವೋಲ್ಟ್, ಅಲ್ಯೂಮಿನಿಯಂದು −1.66. ಹಾಗಾದ್ರೆ ಅಲ್ಯೂಮಿನಿಯಮ್ಮೇ ಮೊದಲು ಕರಗಬೇಕಲ್ವಾ? ಉತ್ತರ: ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಇರೋದ್ರಿಂದ ಸಮುದ್ರದ ನೀರಲ್ಲಿ ಸತುವೇ ಹೆಚ್ಚು ಚುರುಕು. ಆನೋಡ್ ಅರ್ಧ ಸವೆದಾಗ ಬದಲಾಯಿಸಿ. ಅದಕ್ಕೆ ಪೇಂಟ್ ಮಾತ್ರ ಹೊಡೀಬೇಡಿ, ಹೊಡೆದರೆ ಅದು ಇದ್ದೂ ಇಲ್ಲದಂತೆ.

ಆರೈಕೆ 3: ಇಂಧನ ಮತ್ತು ಆಯಿಲ್

ಟೂ-ಸ್ಟ್ರೋಕ್‌ಗೆ 50:1 ಅಂತ ಹೇಳಿದ್ದರೆ 10 ಲೀಟರ್ ಪೆಟ್ರೋಲ್‌ಗೆ 200 ಮಿ.ಲೀ. ಆಯಿಲ್. ನೀರಿನಿಂದ ತಂಪಾಗೋ ಎಂಜಿನ್‌ಗೆ ಬೇಕಾದ್ದು ಟಿಸಿ-ಡಬ್ಲ್ಯು3 ದರ್ಜೆಯ ಆಯಿಲ್, ಬೈಕಿನ ಟೂಟಿ ಆಯಿಲ್ ಅಲ್ಲ.

ಈಗ ಬಂಕ್‌ನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರತ್ತೆ. ಎಥನಾಲ್ ನೀರನ್ನು ಹೀರಿಕೊಳ್ಳತ್ತೆ. ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯತ್ತೆ. ಪೈಪ್ ಮೊದಲು ಹೀರೋದೇ ತಳದಿಂದ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯೋದ್ರಿಂದ ಅಪಾಯ ಡಬಲ್. ವಾರಗಟ್ಟಲೆ ಹಳೆಯ ಇಂಧನ ಬಳಸಬೇಡಿ. ನೀರು ಬೇರ್ಪಡಿಸೋ ಫಿಲ್ಟರ್ ಹಾಕಿ. ಎಂಜಿನ್ ಎತ್ತಿಡೋ ಮೊದಲು ಕಾರ್ಬುರೇಟರ್ ಖಾಲಿ ಮಾಡಿ.

ಗೇರ್ ಆಯಿಲ್ ಬಿಚ್ಚಿದಾಗ ಹಾಲು ಬೆರೆಸಿದ ಕಾಫಿ ಥರ ಕಂಡ್ರೆ ಸೀಲ್ ಒಳಗೆ ನೀರು ನುಗ್ಗಿದೆ ಅಂತ ಅರ್ಥ. ಹೆಚ್ಚಿನ ಸಲ ಕಾರಣ, ಪ್ರೊಪೆಲ್ಲರ್ ಶಾಫ್ಟ್‌ಗೆ ಸುತ್ತಿಕೊಂಡ ಬಲೆಯ ನೂಲು. ಹೊಸ ಆಯಿಲನ್ನು ಕೆಳಗಿನ ರಂಧ್ರದಿಂದ ತುಂಬಬೇಕು, ಆಗ ಗಾಳಿ ಮೇಲಿನಿಂದ ಹೊರಹೋಗತ್ತೆ.

ನೆನಪಿಡೋಕೆ ಪಟ್ಟಿ

• ಹೊರಡೋ ಮೊದಲು: ಇಂಧನ, ಕ್ಲ್ಯಾಂಪ್ ಬಿಗಿ, ಧಾರೆ, ಕಿಲ್ ಸ್ವಿಚ್ ದಾರ ಓಡಿಸುವವರ ಕೈಗೆ.
• ದೋಣಿಯಲ್ಲಿ: ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ಸ್ಟಾರ್ಟರ್ ಹಗ್ಗ, ಪ್ರೊಪೆಲ್ಲರ್ ಪಿನ್, ಮತ್ತು ಹುಟ್ಟು. ಹುಟ್ಟು ಬಿಟ್ಟು ಹೋಗಲೇಬೇಡಿ.
• ಬಂದ ಮೇಲೆ: ಸಿಹಿನೀರಿನಲ್ಲಿ ಹತ್ತು ನಿಮಿಷ.
• ಪ್ರತಿ 100 ಗಂಟೆಗೆ: ಗೇರ್ ಆಯಿಲ್, ಪ್ಲಗ್, ಆನೋಡ್ ತಪಾಸಣೆ. ಫೋರ್-ಸ್ಟ್ರೋಕ್ ಆದ್ರೆ ಎಂಜಿನ್ ಆಯಿಲ್.
• ಮಳೆಗಾಲಕ್ಕೆ ಮುಂಚೆ: ಇಂಪೆಲ್ಲರ್ ಬಿಚ್ಚಿ ನೋಡಿ.
• ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ: ಸಿಲಿಂಡರ್‌ಗಳ ಕಂಪ್ರೆಷನ್ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬೇಡ. ಗೇರ್ ಆಯಿಲ್ ಬಣ್ಣ ನೋಡದೆ ದುಡ್ಡು ಕೊಡಬೇಡಿ.

ನಮಗೊಂದು ಪ್ರಾಜೆಕ್ಟ್

ನಮ್ಮ ಕಡೆ ತೋಟದ ಸ್ಟಾರ್ಟರ್ ಬಾಕ್ಸ್‌ಗಳಲ್ಲಿ ಈಗ ಡ್ರೈ-ರನ್ ಪ್ರಿವೆಂಟರ್ ಹಾಕಿಸ್ತಾರೆ. ನೀರು ಮುಗಿದಾಗ ಕರೆಂಟ್ ಇಳಿಯೋದನ್ನು ಗುರುತಿಸಿ ಮೋಟಾರನ್ನು ತಾನೇ ಆಫ್ ಮಾಡತ್ತೆ. ಅಲಾರಂ ಇಲ್ಲದ ಹಳೇ ಔಟ್‌ಬೋರ್ಡ್‌ಗಳಿಗೂ ಇಂಥದ್ದೊಂದು ಬೇಕು: ಸಿಲಿಂಡರ್ ಹೆಡ್‌ಗೆ ಒಂದು ಥರ್ಮಿಸ್ಟರ್, ಒಂದು ಕಂಪ್ಯಾರೇಟರ್, ಎಂಜಿನ್ ಸದ್ದಿನಲ್ಲೂ ಕೇಳೋ ಒಂದು ಬಝರ್. ಆದರೆ ತೋಟದಲ್ಲಿ ಮಾಡಿದ ಹಾಗೆ ಎಂಜಿನ್ನನ್ನು ತಾನೇ ಆಫ್ ಮಾಡೋ ಸರ್ಕ್ಯೂಟ್ ಇಲ್ಲಿ ಬೇಡ. ಅಳಿವೆ ನಡುವೆ ಯಂತ್ರ ಉಳಿಸೋದಾ, ಜನರನ್ನು ದಡ ಸೇರಿಸೋದಾ ಅನ್ನೋ ತೀರ್ಮಾನ ದೋಣಿಯಲ್ಲಿ ಇರೋರದ್ದು. ಸರ್ಕ್ಯೂಟ್ ಎಚ್ಚರಿಸಿದರೆ ಸಾಕು. ಉಪ್ಪುನೀರಿಗೆ, ಅದುರಾಟಕ್ಕೆ ತಡೆಯೋ ಹಾಗೆ ಇದನ್ನು ಕಟ್ಟೋದು ಸುಲಭ ಅಲ್ಲ, ಅದಕ್ಕೇ ಮಿನಿ ಪ್ರಾಜೆಕ್ಟ್‌ಗೆ ಸರಿಯಾಗಿದೆ. ಮೆಕ್, ಇ ಅಂಡ್ ಸಿ ಇಬ್ಬರೂ ಸೇರಬೇಕು. ಕರಾವಳಿ ಕಡೆಯ ಒಬ್ಬರು ಟೀಮಲ್ಲಿದ್ದರೆ ಇನ್ನೂ ಒಳ್ಳೆಯದು.