ಟ್ಯಾಬ್‌ಗೆ ನೋಟ್ಸ್ ಆ್ಯಪ್: ಆರಿಸೋ ಮುಂಚೆ ಹತ್ತು ನಿಮಿಷದ ಪರೀಕ್ಷೆ

ಟ್ಯಾಬ್ ತಗೊಂಡ ಮೇಲೆ ನಮ್ಮೆಲ್ಲರ ಮೊದಲ ಪ್ರಶ್ನೆ ಒಂದೇ: "ನೋಟ್ಸ್‌ಗೆ ಯಾವ ಆ್ಯಪ್ ಹಾಕ್ಲಿ ಮಗಾ?" ಪಕ್ಕದ ಬೆಂಚಿನವರು ಬಳಸೋದೇ ಸಾಮಾನ್ಯವಾಗಿ ಉತ್ತರ. ಇಲ್ಲಾಂದ್ರೆ ಪೆನ್ನಿನ ಬಣ್ಣ, ಕವರ್ ಡಿಸೈನ್ ನೋಡಿ ಆರಿಸಿಬಿಡ್ತೀವಿ. ಆದರೆ ಈ ಬರಹ ಒಂದು ಸೆಮಿಸ್ಟರ್‌ಗೆ ಮುಗಿಯೋದಲ್ಲ. ಈಗ ಬರೆಯೋ ಡೇಟಾ ಸ್ಟ್ರಕ್ಚರ್ಸ್ ನೋಟ್ಸ್ ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಹೊತ್ತಿಗೆ ಮತ್ತೆ ಬೇಕು. ನಡುವೆ ಜೂನಿಯರ್‌ಗಳೂ ಕೇಳ್ತಾರೆ. ಅದಕ್ಕೇ ನಮ್ಮ ಸಲಹೆ ಇಷ್ಟು: ಆ್ಯಪ್ ಒಳಗೆ ಎಷ್ಟು ಚಂದ ಬರೀಬಹುದು ಅಂತ ನೋಡೋ ಮೊದಲು, ಬರೆದದ್ದನ್ನು ಹೊರಗೆ ಹೇಗೆ ತರಬಹುದು ಅಂತ ನೋಡಿ.

ಒಂದು ಗೆರೆಯೊಳಗೆ ಏನಿದೆ?

ನಾವು ಎಳೆಯೋ ಗೆರೆ ಆ್ಯಪ್‌ನ ಪಾಲಿಗೆ ಫೋಟೋ ಅಲ್ಲ, ಎಕ್ಸ್-ವೈ ಬಿಂದುಗಳ ಒಂದು ಸಾಲು. ಪೆನ್ ಒಳ್ಳೆಯದಿದ್ದರೆ ಪ್ರತಿ ಬಿಂದುವಿನ ಜೊತೆ ಒತ್ತಡದ ಅಳತೆಯೂ ಸೇರುತ್ತೆ. ಅದಕ್ಕೇ ಝೂಮ್ ಮಾಡಿದರೂ ಅಕ್ಷರ ಮಸುಕಾಗಲ್ಲ. ಒಂದು ಸರ್ಕ್ಯೂಟನ್ನು ಸುತ್ತಿ ಹಿಡಿದು ಪಕ್ಕದ ಪುಟಕ್ಕೆ ಸರಿಸಬಹುದು.

ತೊಂದರೆ ಏನಂದ್ರೆ, ಒಂದೊಂದು ಆ್ಯಪ್ ಈ ಬಿಂದುಗಳನ್ನು ತನ್ನದೇ ಫಾರ್ಮ್ಯಾಟ್‌ನಲ್ಲಿ ಇಡುತ್ತೆ. ಡಬ್ಲ್ಯೂ3ಸಿ ಸಂಸ್ಥೆ 2011ರಲ್ಲೇ ಇಂಕ್‌ಎಂಎಲ್ ಅನ್ನೋ ಮುಕ್ತ ಮಾನದಂಡ ಕೊಟ್ಟಿದೆ. ಆದರೆ ನಾವು ಬಳಸೋ ಆ್ಯಪ್‌ಗಳ ನಡುವೆ ಅದು ಸಾಮಾನ್ಯ ಭಾಷೆ ಆಗಲಿಲ್ಲ. ಎಲ್ಲ ಕಡೆ ತೆರೆಯೋದು ಪಿಡಿಎಫ್. ಅದು 2008ರಿಂದ ಐಎಸ್‌ಒ ಮಾನದಂಡ. ಪಿಡಿಎಫ್ ಮಾಡಿದರೆ ಓದಬಹುದು, ಪ್ರಿಂಟ್ ಹಾಕಿಸಬಹುದು, ಆದರೆ ಹಳೇ ಗೆರೆಗಳನ್ನು ಮೊದಲಿನ ಹಾಗೆ ತಿದ್ದೋಕೆ ಸಾಮಾನ್ಯವಾಗಿ ಆಗಲ್ಲ. ಹಾಗಾಗಿ ಮೂಲ ಫೈಲೂ ಬೇಕು, ಪಿಡಿಎಫ್ಫೂ ಬೇಕು.

ಕಂಪನಿ ನಿಯಮ ಬದಲಾಯಿಸಿದರೆ?

ಇದು ಸುಮ್ಮನೆ ಹೆದರಿಸೋ ಮಾತಲ್ಲ. ಒಮ್ಮೆ ದುಡ್ಡು ಕೊಟ್ಟರೆ ಸಾಕು ಅನ್ನೋ ಹಾಗಿದ್ದ ನೋಟಬಿಲಿಟಿ 2021ರ ನವೆಂಬರ್‌ನಲ್ಲಿ ಚಂದಾ ಪದ್ಧತಿಗೆ ಬಂತು. ಮೊದಲೇ ಕೊಂಡಿದ್ದವರು ಗಲಾಟೆ ಮಾಡಿದ ಮೇಲೆ, ಅವರ ಹಳೇ ಸೌಲಭ್ಯ ಉಳಿಸಿಕೊಟ್ಟರು. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆಗೆ 50 ನೋಟ್, 1 ನೋಟ್‌ಬುಕ್ ಅಂತ ಮಿತಿ ಹಾಕಿತು. ಗೂಗಲ್‌ನ ಜಾಮ್‌ಬೋರ್ಡ್ ಅಂತೂ 2024ರ ಡಿಸೆಂಬರ್ 31ಕ್ಕೆ ನಿಂತೇ ಹೋಯ್ತು. ನಮ್ಮ ಕೋರ್ಸ್ ನಾಲ್ಕು ವರ್ಷ. ಅಷ್ಟು ದಿನ ಆ್ಯಪ್ ಹೀಗೇ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಹತ್ತು ನಿಮಿಷದ ಪರೀಕ್ಷೆ

ಆ್ಯಪ್ ಹಾಕಿದ ಕೂಡಲೇ, ಇಡೀ ಸೆಮಿಸ್ಟರ್ ಅದರಲ್ಲಿ ಬರೆಯೋ ಮುಂಚೆ ಇಷ್ಟು ಮಾಡಿ.

1. ಎರಡು ಪುಟ ಬರೀರಿ: ಒಂದು ಡೆರಿವೇಶನ್, ಒಂದು ಡಯಾಗ್ರಮ್. ಅಂಗೈ ಸ್ಕ್ರೀನ್ ಮೇಲಿಟ್ಟೇ ಬರೀರಿ. ಅಡ್ಡಗೆರೆ ಬಿದ್ದರೆ ದೋಷ ಆ್ಯಪಿನದ್ದೋ ಪೆನ್ನಿನದ್ದೋ ನೋಡಿ. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಸ್ಕ್ರೀನ್‌ಗೆ ಬೆರಳಿನ ಹಾಗೇ ಕಾಣುತ್ತೆ. ಆ್ಯಪ್ ಬದಲಾಯಿಸಿದರೆ ಅದು ಸರಿಹೋಗಲ್ಲ.

2. ಆ ಪುಟಗಳನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಕಳಿಸಿ. ಎ4 ಹಾಳೆಯಲ್ಲಿ ಸರಿಯಾಗಿ ಕೂತಿದೆಯಾ? ಒನ್‌ನೋಟ್‌ನಂಥ ಅಂಚಿಲ್ಲದ ಕ್ಯಾನ್ವಾಸ್‌ನಲ್ಲಿ ದೊಡ್ಡ ಡಯಾಗ್ರಮ್ ಬರೆಯೋದು ಸುಖ, ಆದರೆ ಪ್ರಿಂಟ್ ಮಾಡುವಾಗ ಅದೇ ಡಯಾಗ್ರಮ್ ಎರಡು ಪುಟಕ್ಕೆ ತುಂಡಾಗಬಹುದು.

3. ಇಡೀ ನೋಟ್‌ಬುಕ್ ಒಟ್ಟಿಗೆ ಹೊರಗೆ ಬರುತ್ತಾ, ಇಲ್ಲಾ ಒಂದೊಂದೇ ಪುಟ ತೆಗೀಬೇಕಾ? ಐದು ಮಾಡ್ಯೂಲ್ ಇರೋ ಸಬ್ಜೆಕ್ಟ್‌ನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

4. ಕೈಬರಹದಲ್ಲಿ ಒಂದು ಇಂಗ್ಲಿಷ್ ಪದ, 'ವಿದ್ಯುತ್' ಅಂತ ಒಂದು ಕನ್ನಡ ಪದ ಬರೆದು ಎರಡನ್ನೂ ಹುಡುಕಿ. ಕನ್ನಡ ಸಿಗದಿದ್ದರೆ ಪುಟದ ಶೀರ್ಷಿಕೆ ಟೈಪ್ ಮಾಡೋ ಅಭ್ಯಾಸ ಮಾಡ್ಕೊಳ್ಳಿ.

5. ಫ್ಲೈಟ್ ಮೋಡ್ ಹಾಕಿ ಹಳೇ ನೋಟ್ಸ್ ತೆರೀರಿ. ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್ ವೈಫೈ ನಂಬೋ ಹಾಗಿಲ್ಲ ಅಂತ ನಿಮಗೇ ಗೊತ್ತು!

6. ಉಚಿತದಲ್ಲಿ ಎಷ್ಟು ನೋಟ್‌ಬುಕ್ ಅಂತ ನೋಡಿ, ನಿಮ್ಮ ಸಬ್ಜೆಕ್ಟ್‌ಗಳನ್ನು ಎಣಿಸಿ. ಸಾಲದಿದ್ದರೆ ಒಂದು ವರ್ಷದ ಚಂದಾವನ್ನು ಉಳಿದ ವರ್ಷಗಳಿಂದ ಗುಣಿಸಿ. ನಿಜವಾದ ಬೆಲೆ ಅದು.

ಹಾಗಾದರೆ ಯಾರಿಗೆ ಯಾವುದು?

ಎಸ್ ಪೆನ್ ಜೊತೆ ಬರೋ ಸ್ಯಾಮ್‌ಸಂಗ್ ಟ್ಯಾಬ್ ಇದ್ದರೆ ಸ್ಯಾಮ್‌ಸಂಗ್ ನೋಟ್ಸ್‌ನಿಂದ ಶುರು ಮಾಡಿ. ದುಡ್ಡು ಬೇಡ, ಪಿಡಿಎಫ್ ಬರುತ್ತೆ. ಆದರೆ ನಾಳೆ ಬೇರೆ ಕಂಪನಿ ಟ್ಯಾಬ್ ತಗೊಂಡರೆ ಮೂಲ ಫೈಲ್ ಜೊತೆಗೆ ಬರಲ್ಲ ಅಂತ ತಿಳ್ಕೊಂಡಿರಿ. ಐಪ್ಯಾಡ್ ಇದ್ದರೆ ಅದರಲ್ಲೇ ಇರೋ ಆ್ಯಪಲ್ ನೋಟ್ಸ್ ಒಂದು ತಿಂಗಳು ಬಳಸಿ. ಏನೋ ಸಾಲದು ಅನ್ನಿಸಿದರೆ ಮಾತ್ರ ಗುಡ್‌ನೋಟ್ಸ್, ನೋಟಬಿಲಿಟಿ ಕಡೆ ಹೋಗಿ. ಟ್ಯಾಬ್ ಒಂದು ಕಂಪನಿಯದು, ಲ್ಯಾಪ್‌ಟಾಪ್ ಇನ್ನೊಂದರದು ಅನ್ನೋರಿಗೆ ಒನ್‌ನೋಟ್ ಅನುಕೂಲ. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಪೆನ್ ಬಳಸೋರಿಗೆ ಜೂರ್ನಲ್ ಪ್ಲಸ್ ಪ್ಲಸ್ ಇದೆ (ಹುಡುಕುವಾಗ ಎಕ್ಸ್‌ನಿಂದ ಶುರು ಮಾಡಿ). ಅದು ಮುಕ್ತ ತಂತ್ರಾಂಶ.

ಕೊನೆಗೆ ಒಂದು ಮಾತು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಆನ್ ಇದ್ದಾಗ ಟ್ಯಾಬ್‌ನಲ್ಲಿ ಅಳಿಸಿದ್ದು ಲ್ಯಾಪ್‌ಟಾಪ್‌ನಲ್ಲೂ ಅಳಿಸಿ ಹೋಗುತ್ತೆ. ಅದಕ್ಕೇ ಪ್ರತಿ ಇಂಟರ್ನಲ್ಸ್ ಮುಗಿದ ದಿನ ಎಲ್ಲ ಸಬ್ಜೆಕ್ಟ್ ಪಿಡಿಎಫ್ ಮಾಡಿ, 'ಸೆಮಿಸ್ಟರ್-ಸಬ್ಜೆಕ್ಟ್-ಮಾಡ್ಯೂಲ್' ಅಂತ ಹೆಸರಿಟ್ಟು, ಒಂದು ಪ್ರತಿ ಡ್ರೈವ್‌ಗೆ, ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿ. ಕಾಲು ಗಂಟೆ ಕೆಲಸ. ಆಮೇಲೆ ಆ್ಯಪ್ ನಿಂತರೂ ಟ್ಯಾಬ್ ಒಡೆದರೂ ನಿಮ್ಮ ಮೂರನೇ ಮಾಡ್ಯೂಲ್ ಎಲ್ಲೂ ಹೋಗಲ್ಲ.