ಕಾಡಾಡಿನ ಬೇಟೆ ಕಲಿಸುವ ಪಾಠ

ಪೀಠಿಕೆ

ಬೇಟೆಯು ಮನುಷ್ಯನ ಅತಿ ಪ್ರಾಚೀನ ವೃತ್ತಿಗಳಲ್ಲಿ ಒಂದು. ಅದು ಒಕ್ಕಲುತನಕ್ಕಿಂತ ಹಳೆಯದು, ಅಕ್ಷರಕ್ಕಿಂತಲೂ ಹಳೆಯದು. ಕನ್ನಡಿಗರಿಗಂತೂ ಅದು ಅಪರಿಚಿತವಲ್ಲ. ಕ್ರಿ.ಶ. ೯೫೦ರ ಸುಮಾರಿನ ಆತಕೂರು ಶಾಸನವು ಕಾಡುಹಂದಿಯೊಡನೆ ಹೋರಾಡಿ ಮಡಿದ 'ಕಾಳಿ' ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ನಮ್ಮ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆಯನ್ನು ಅರಸರ ವಿನೋದಗಳಲ್ಲಿ ಒಂದಾಗಿ ಎಣಿಸಿ ವಿಸ್ತಾರವಾಗಿ ವಿವರಿಸಿದ್ದಾನೆ.

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಂದು ಅಧ್ಯಯನ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಈ ಶಾಲೆಯಲ್ಲಿ ವಿಜ್ಞಾನವನ್ನು ಕಲಿಸಿದ ನಾನು ಬೆಟ್ಟದ ಕಾಡಾಡಿನ ಬೇಟೆಯನ್ನು ವಿಷಯವಾಗಿ ಆರಿಸಿಕೊಂಡೆ. ತೇರಣಾ, ಮಾಂಜರಾ ನದಿಗಳ ಈ ಎರೆಮಣ್ಣಿನ ಸೀಮೆಗೂ ಕಾಡಾಡಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಮ್ಮ ಬಯಲಿನಲ್ಲಿ ಕಾಡಾಡಿಲ್ಲ, ಚಿಗರಿ ಇದೆ. "ಬಿತ್ತಿದ ಬೆಳಿ ಚಿಗರಿ ತಿಂದು ಹೋಗ್ತಾವ್ರೀ ಸರ್, ಹೊಡದ್ರ ತಪ್ಪೇನು?" ಎಂಬ ಪ್ರಶ್ನೆಯನ್ನು ರೈತರ ಮಕ್ಕಳು ತರಗತಿಯಲ್ಲಿ ನನಗೆ ಹಲವು ಬಾರಿ ಕೇಳಿದ್ದಾರೆ. ಕಾನೂನಿನ ಕಲಮನ್ನು ಓದಿ ಹೇಳಿದರೆ ಆ ಪ್ರಶ್ನೆ ತೀರುವುದಿಲ್ಲ. ದೂರದ ಬೆಟ್ಟಗಳಲ್ಲಿ ಕಾಡಾಡನ್ನು ಬೇಟೆಯಾಡಿದವರೂ ಅದನ್ನು ಉಳಿಸಿದವರೂ ಏನನ್ನು ಕಂಡುಕೊಂಡರು ಎಂಬುದನ್ನು ತಿಳಿದರೆ, ಉತ್ತರಕ್ಕೆ ದಾರಿ ಸಿಗಬಹುದೆಂದು ನನ್ನ ನಂಬಿಕೆ.

ಐಬೆಕ್ಸ್ ಮತ್ತು ಕಾಡಾಡು

ಯುರೋಪ್, ಪಶ್ಚಿಮ ಏಷ್ಯಾ, ಮಧ್ಯ ಏಷ್ಯಾ ಹಾಗೂ ಉತ್ತರ ಆಫ್ರಿಕಾದ ಕಡಿದಾದ ಬೆಟ್ಟಗಳಲ್ಲಿ ವಾಸಿಸುವ ಕಾಡುಮೇಕೆಗಳ ಕೆಲವು ಜಾತಿಗಳಿಗೆ 'ಐಬೆಕ್ಸ್' ಎಂಬ ಹೆಸರಿದೆ. ಗಂಡಿನ ಕೊಂಬು ಹಿಂದಕ್ಕೆ ಬಾಗಿ, ಮುಂಭಾಗದಲ್ಲಿ ಗಂಟುಗಂಟಾಗಿ, ಒಮ್ಮೊಮ್ಮೆ ಒಂದು ಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಈ ಪ್ರಾಣಿ ಲಡಾಖ್, ಕಾಶ್ಮೀರ ಮತ್ತು ಹಿಮಾಚಲದ ಎತ್ತರದ ಬೆಟ್ಟಗಳಲ್ಲಿದೆ. ಲಡಾಖಿನ ಜನ ಅದನ್ನು 'ಸ್ಕಿನ್' ಎನ್ನುತ್ತಾರೆ. ಅಲ್ಲಿಯ ಬಂಡೆಗಳ ಮೇಲೆ ಪ್ರಾಚೀನರು ಕೊರೆದ ಚಿತ್ರಗಳಲ್ಲಿ ಅದರ ಬಾಗಿದ ಕೊಂಬು ಮತ್ತೆ ಮತ್ತೆ ಕಾಣಿಸುತ್ತದೆ.

ದಕ್ಷಿಣ ಭಾರತದಲ್ಲಿ ನಿಜವಾದ ಐಬೆಕ್ಸ್ ಇಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ನೀಲಗಿರಿಯನ್ನೇರಿದ ಆಂಗ್ಲ ಬೇಟೆಗಾರರು ಅಲ್ಲಿಯ ಬಂಡೆಗಳ ಮೇಲೆ ಕಂಡ ಕಾಡಾಡಿಗೆ 'ನೀಲಗಿರಿ ಐಬೆಕ್ಸ್' ಎಂದೇ ಕರೆದರು. ಪ್ರಾಣಿಶಾಸ್ತ್ರದಲ್ಲಿ ಅದಕ್ಕೆ 'ನೀಲಗಿರಿ ತಾರ್' ಎಂದು ಹೆಸರು. ತಮಿಳರು 'ವರೈಯಾಡು' ಎನ್ನುತ್ತಾರೆ. 'ವರೈ' ಎಂದರೆ ಬೆಟ್ಟದ ಕಡಿದಾದ ಪಾರ್ಶ್ವ, 'ಆಡು' ನಮ್ಮ ಆಡೇ. ಹಳೆಯ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿ ಇದರ ಕನ್ನಡ ಹೆಸರು 'ಕಾಡಾಡು' ಎಂದು ದಾಖಲಾಗಿದೆ. ೨೦೦೫ರಲ್ಲಿ ನಡೆದ ವಂಶವಾಹಿಗಳ ಪರೀಕ್ಷೆಯಿಂದ ಇದು ಹಿಮಾಲಯದ ತಾರ್‌ಗಿಂತ ಕುರಿಗಳ ಕುಲಕ್ಕೆ ಹತ್ತಿರವೆಂದು ತಿಳಿದು, ಇದಕ್ಕೇ ಬೇರೊಂದು ಕುಲನಾಮವನ್ನು ಕೊಡಲಾಯಿತು. ಜಗತ್ತಿನಲ್ಲಿ ಈ ಪ್ರಾಣಿ ಇರುವುದು ತಮಿಳುನಾಡು ಮತ್ತು ಕೇರಳದ ಪಶ್ಚಿಮ ಘಟ್ಟಗಳಲ್ಲಿ ಮಾತ್ರ.

ಬೇಟೆಯ ರೀತಿ

ಬೆಟ್ಟದ ಆಡನ್ನು ಬೇಟೆಯಾಡುವುದು ಬಯಲಿನ ಬೇಟೆಗಿಂತ ತೀರ ಭಿನ್ನ. ಈ ಪ್ರಾಣಿಯ ರಕ್ಷಣೆ ಅದರ ವೇಗದಲ್ಲಿಲ್ಲ, ಅದು ನಿಲ್ಲುವ ನೆಲೆಯಲ್ಲಿದೆ. ಅಪಾಯ ಕಂಡೊಡನೆ ಅದು ಮನುಷ್ಯನಾಗಲಿ ನಾಯಿಯಾಗಲಿ ಹತ್ತಲಾರದ ಕೋಡುಗಲ್ಲಿಗೆ ಸರಿದು ನಿಲ್ಲುತ್ತದೆ. ಹಿಂಡು ಮೇಯುವಾಗ ಒಂದೆರಡು ಪ್ರಾಣಿಗಳು ತಲೆಯೆತ್ತಿ ಕಾವಲು ಕಾಯುತ್ತವೆ. ಅವುಗಳ ದೃಷ್ಟಿ ಹೆಚ್ಚಾಗಿ ಕೆಳಗಿನ ಇಳಿಜಾರಿನ ಕಡೆಗೇ ಇರುತ್ತದೆ. ಆದುದರಿಂದ ನುರಿತ ಬೇಟೆಗಾರನು ನಸುಕಿನಲ್ಲೇ ಹೊರಟು, ಬಹುದೂರ ಸುತ್ತು ಹಾಕಿ, ಗಾಳಿಯು ತನ್ನ ವಾಸನೆಯನ್ನು ಹಿಂಡಿನ ಕಡೆಗೆ ಒಯ್ಯದಂತೆ ನೋಡಿಕೊಂಡು, ಮೇಲಿನಿಂದ ಇಳಿದು ಬರುತ್ತಿದ್ದನು. ನೀಲಗಿರಿಯಲ್ಲಿ ಮಂಜು ಕವಿದರೆ ದಿನವಿಡೀ ಪಟ್ಟ ಶ್ರಮ ವ್ಯರ್ಥವಾಗುತ್ತಿತ್ತು.

ಗುಂಡು ತಗಲಿದ ಪ್ರಾಣಿ ಅನೇಕ ಸಲ ಪ್ರಪಾತಕ್ಕೆ ಉರುಳಿ ಬೇಟೆಗಾರನ ಕೈಗೇ ಸಿಗುತ್ತಿರಲಿಲ್ಲ. ಗಾಯಗೊಂಡು ಬಂಡೆಗಳ ಸಂದಿನಲ್ಲಿ ಸತ್ತವು ಯಾರ ಲೆಕ್ಕಕ್ಕೂ ಬರಲಿಲ್ಲ. ಬೇಟೆಗಾರನು ಮನೆಗೆ ತಂದ ಕೊಂಬುಗಳಿಗಿಂತ ಬೆಟ್ಟವು ಕಳೆದುಕೊಂಡ ಜೀವಗಳು ಯಾವಾಗಲೂ ಹೆಚ್ಚು. ಹೆಣ್ಣು ಕಾಡಾಡು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿಯನ್ನು ಹಾಕುತ್ತದೆ. ಆದ್ದರಿಂದ ಕಳೆದುಕೊಂಡದ್ದು ಬೇಗ ತುಂಬಿ ಬರುವುದಿಲ್ಲ.

ಹೊರದೇಶಗಳ ಅನುಭವ

ಆಲ್ಪ್ಸ್ ಪರ್ವತಗಳಲ್ಲಿ ಐಬೆಕ್ಸ್ ಹೇರಳವಾಗಿತ್ತು. ಅದರ ಕೊಂಬು, ರಕ್ತ, ಹೃದಯದೊಳಗಿನ ಎಲುಬು ಇವೆಲ್ಲ ಔಷಧಿಯೆಂಬ ನಂಬಿಕೆ ಜನರಲ್ಲಿ ಹಬ್ಬಿತ್ತು. ಬಂದೂಕು ಬಂದ ಮೇಲೆ ಅದು ಒಂದೊಂದೇ ಕಣಿವೆಯಿಂದ ಮರೆಯಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಟಲಿಯ ಗ್ರಾನ್ ಪರದೀಸೊ ಪರ್ವತಭಾಗದಲ್ಲಿ ಸುಮಾರು ನೂರು ಪ್ರಾಣಿಗಳಷ್ಟೇ ಉಳಿದಿದ್ದವು. ೧೮೫೬ರಲ್ಲಿ ಎರಡನೆಯ ವಿಕ್ಟರ್ ಇಮ್ಯಾನುಯೆಲ್ ದೊರೆಯು ಆ ಪ್ರದೇಶವನ್ನು ತನ್ನ ಖಾಸಗಿ ಬೇಟೆಗಾಡನ್ನಾಗಿ ಘೋಷಿಸಿ ಕಾವಲುಗಾರರನ್ನಿಟ್ಟನು. ಅವನ ಉದ್ದೇಶ ತನ್ನ ಬೇಟೆಯೇ ಆಗಿತ್ತು. ಆದರೂ ಉಳಿದವರ ಬಂದೂಕು ನಿಂತುದರಿಂದ ಪ್ರಾಣಿ ಬದುಕಿತು. ೧೯೨೨ರಲ್ಲಿ ಅದೇ ನೆಲ ಇಟಲಿಯ ರಾಷ್ಟ್ರೀಯ ಉದ್ಯಾನವಾಯಿತು. ಸ್ವಿಟ್ಜರ್ಲೆಂಡಿನವರು ೧೯೦೬ರಲ್ಲಿ ಅಲ್ಲಿಂದ ಕಳ್ಳಸಾಗಣೆಯಲ್ಲಿ ಮರಿಗಳನ್ನು ತರಿಸಿ ಸಾಕಿ, ೧೯೧೧ರಲ್ಲಿ ತಮ್ಮ ಬೆಟ್ಟಗಳಿಗೆ ಬಿಟ್ಟರು. ಇಂದು ಆಲ್ಪ್ಸ್‌ನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಐಬೆಕ್ಸ್‌ಗಳಿವೆ. ಅವೆಲ್ಲವೂ ಆ ನೂರರ ಸಂತತಿ. ಆದುದರಿಂದಲೇ ಅವುಗಳಲ್ಲಿ ವಂಶವಾಹಿಗಳ ವೈವಿಧ್ಯ ಬಹಳ ಕಡಿಮೆಯೆಂದು ವಿಜ್ಞಾನಿಗಳು ಎಚ್ಚರಿಸುತ್ತಾರೆ.

ಪಿರೆನೀಸ್ ಪರ್ವತದ ಐಬೆಕ್ಸ್‌ಗೆ ಈ ಭಾಗ್ಯ ದೊರೆಯಲಿಲ್ಲ. ಅಲ್ಲಿ ರಕ್ಷಣೆ ತಡವಾಗಿ ಬಂತು. 'ಸೀಲಿಯಾ' ಎಂದು ಹೆಸರಿಟ್ಟಿದ್ದ ಕೊನೆಯ ಹೆಣ್ಣು ೨೦೦೦ದ ಜನವರಿಯಲ್ಲಿ ಸತ್ತುಹೋಯಿತು. ಅದರ ಚರ್ಮದ ಜೀವಕೋಶಗಳಿಂದ ೨೦೦೩ರಲ್ಲಿ ತದ್ರೂಪಿ ಮರಿಯೊಂದನ್ನು ಹುಟ್ಟಿಸಿದರೂ ಅದು ಕೆಲವೇ ನಿಮಿಷ ಬದುಕಿತು. ಸಕಾಲದಲ್ಲಿ ಕಾಯದೆ ಕಳೆದುಕೊಂಡದ್ದನ್ನು ಪ್ರಯೋಗಶಾಲೆ ಮರಳಿ ಕೊಡಲಾರದೆಂಬುದಕ್ಕೆ ಇದೇ ಸಾಕ್ಷಿ.

ಮೂರನೆಯ ಬಗೆ ಪಾಕಿಸ್ತಾನದ್ದು. ಬಲೂಚಿಸ್ತಾನದ ತೋರ್ಘರ್ ಬೆಟ್ಟಗಳಲ್ಲಿ ಸುರುಳಿಕೊಂಬಿನ ಕಾಡುಮೇಕೆಯಾದ ಮಾರ್ಖೋರ್ ನಾಶದ ಅಂಚಿಗೆ ಬಂದಿತ್ತು. ೧೯೮೦ರ ದಶಕದಲ್ಲಿ ಅಲ್ಲಿಯ ಬುಡಕಟ್ಟಿನ ಹಿರಿಯರು ತಮ್ಮವರ ಬಂದೂಕನ್ನು ಕೆಳಗಿಡಿಸಿ, ಅವರನ್ನೇ ಕಾವಲಿಗೆ ನೇಮಿಸಿದರು. ವರ್ಷಕ್ಕೆ ಕೆಲವೇ ಮುದಿ ಗಂಡುಗಳನ್ನು ಹೊರದೇಶದ ಬೇಟೆಗಾರರಿಗೆ ದುಬಾರಿ ಶುಲ್ಕಕ್ಕೆ ಬಿಟ್ಟು, ಬಂದ ಹಣವನ್ನು ಕಾವಲಿಗೂ ಊರಿನ ಕೆಲಸಗಳಿಗೂ ಬಳಸಿದರು. ಹಿಂಡುಗಳು ಮತ್ತೆ ಬೆಳೆದವು. ಇಂದು ಆ ದೇಶದಲ್ಲಿ ಇಂತಹ ಬೇಟೆಯ ಶುಲ್ಕದಲ್ಲಿ ಶೇಕಡಾ ೮೦ರಷ್ಟು ಸ್ಥಳೀಯ ಸಮುದಾಯಗಳಿಗೆ ಸಲ್ಲುತ್ತದೆ. ಹಣಕ್ಕಾಗಿ ಜೀವ ತೆಗೆಯುವ ಈ ಕ್ರಮವನ್ನು ಒಪ್ಪದವರು ಅನೇಕರಿದ್ದಾರೆ. ನನಗೂ ಅದು ರುಚಿಸುವುದಿಲ್ಲ. ಆದರೆ ಬೆಟ್ಟದ ಬಡವನಿಗೆ ಸತ್ತ ಪ್ರಾಣಿಗಿಂತ ಬದುಕಿರುವ ಪ್ರಾಣಿ ಲಾಭದಾಯಕವಾದಾಗ ಅವನೇ ಅದನ್ನು ಕಾಯುತ್ತಾನೆಂಬ ಸತ್ಯವನ್ನು ಅಲ್ಲಗಳೆಯಲಾಗದು.

ನೀಲಗಿರಿಯ ಕಥೆ

ಈಗ ನಮ್ಮ ದಕ್ಷಿಣಕ್ಕೆ ಬರೋಣ. ನೀಲಗಿರಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ನೀಲಗಿರಿಯನ್ನು ಗೆದ್ದನೆಂದು ೧೧೧೭ರ ಚಾಮರಾಜನಗರದ ಶಾಸನ ಹೇಳುತ್ತದೆ. ಅಲ್ಲಿಯ ಬಡಗರು ಬಡಗಣ ಮೈಸೂರು ಸೀಮೆಯಿಂದ ಹೋಗಿ ನೆಲೆಸಿದವರೆಂದು ಪ್ರತೀತಿ. ಅವರ ನುಡಿ ಕನ್ನಡಕ್ಕೆ ಅತಿ ಸಮೀಪದ್ದು.

ಊಟಿಯಲ್ಲಿ ಆಂಗ್ಲರು ನೆಲೆಯೂರಿದ ಮೇಲೆ ಕಾಡಾಡಿನ ಬೇಟೆ ಅವರ ನೆಚ್ಚಿನ ವಿನೋದವಾಯಿತು. ಕೆಲವೇ ದಶಕಗಳಲ್ಲಿ ಹಿಂಡುಗಳು ವಿರಳವಾದವು. ಆಗ ಬೇಟೆಗಾರರೇ ಕಳವಳಗೊಂಡು ೧೮೭೭ರಲ್ಲಿ ನೀಲಗಿರಿ ಬೇಟೆ ಸಂಘವನ್ನು ಕಟ್ಟಿದರು. ೧೮೭೯ರಲ್ಲಿ ಮದರಾಸು ಸರಕಾರವು ನೀಲಗಿರಿಯ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಪ್ರತ್ಯೇಕ ಕಾಯಿದೆ ಮಾಡಿತು. ಪರವಾನಗಿ ಇಲ್ಲದೆ ಬೇಟೆ ಇಲ್ಲ, ನಿಷಿದ್ಧ ಋತುವಿನಲ್ಲಿ ಬೇಟೆ ಇಲ್ಲ ಎಂಬಂತಹ ನಿಯಮಗಳು ಬಂದವು. ಇವನ್ನು ಮಾಡಿದವರು ತಮ್ಮ ವಿನೋದವನ್ನು ಉಳಿಸಿಕೊಳ್ಳಲೆಂದೇ ಮಾಡಿದರು. ಬೆಟ್ಟದ ಮೂಲನಿವಾಸಿಗಳ ಅಭಿಪ್ರಾಯವನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಹಾಗಿದ್ದರೂ 'ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ' ಎಂಬ ಮಿತಿಯನ್ನು ಮೊದಲು ಬರೆದಿಟ್ಟ ದಾಖಲೆಗಳಲ್ಲಿ ಅದೂ ಒಂದೆಂಬುದನ್ನು ಒಪ್ಪಬೇಕು.

ಕೇರಳದ ಮೂನ್ನಾರಿನ ಮೇಲಿರುವ ಇರವಿಕುಳಂ ಇನ್ನೂ ಸ್ಪಷ್ಟವಾದ ನಿದರ್ಶನ. ಚಹಾ ತೋಟದ ಅಧಿಕಾರಿಗಳು ಈ ಹುಲ್ಲುಗಾವಲನ್ನು ತಮ್ಮ ಬೇಟೆಗಾಡನ್ನಾಗಿ ಇಟ್ಟುಕೊಂಡಿದ್ದರು. ಮುದುವಾನ್ ಬುಡಕಟ್ಟಿನವರು ಅವರಿಗೆ ದಾರಿ ತೋರುವವರೂ ಕಾವಲುಗಾರರೂ ಆಗಿದ್ದರು. ೧೯೬೯ರಲ್ಲಿ ಜಾರ್ಜ್ ಶಾಲರ್ ಎಂಬ ವಿಜ್ಞಾನಿ ಅಲ್ಲಿ ಕಾಡಾಡಿನ ಅಧ್ಯಯನ ನಡೆಸಿದರು. ೧೯೭೧ರಲ್ಲಿ ಕೇರಳ ಸರಕಾರವು ಆ ಜಮೀನನ್ನು ವಶಪಡಿಸಿಕೊಂಡಿತು. ೧೯೭೫ರಲ್ಲಿ ಅದು ಅಭಯಾರಣ್ಯವಾಗಿ, ೧೯೭೮ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ೯೭ ಚದರ ಕಿಲೋಮೀಟರಿನ ಆ ನೆಲದಲ್ಲಿಯೇ ಇಂದು ಕಾಡಾಡುಗಳ ಅತಿ ದೊಡ್ಡ ಸಮೂಹವಿದೆ. ೨೦೨೫ರ ಏಪ್ರಿಲ್ ತಿಂಗಳಲ್ಲಿ ತಮಿಳುನಾಡು ಮತ್ತು ಕೇರಳಗಳು ಒಂದೇ ವೇಳೆಯಲ್ಲಿ ಗಣತಿ ನಡೆಸಿದವು. ಎರಡೂ ರಾಜ್ಯ ಕೂಡಿ ಸಿಕ್ಕ ಲೆಕ್ಕ ಎರಡು ಸಾವಿರದ ಆರುನೂರಕ್ಕೂ ಸ್ವಲ್ಪ ಹೆಚ್ಚು. ಪ್ರಾಣಿಗೆ ರಾಜ್ಯದ ಗಡಿ ತಿಳಿಯದು. ಬೇರೆ ಬೇರೆ ದಿನ ಎಣಿಸಿದರೆ ಅದೇ ಹಿಂಡು ಎರಡು ಸಲ ಲೆಕ್ಕಕ್ಕೆ ಬರಬಹುದು, ಇಲ್ಲವೆ ಎರಡೂ ಕಡೆ ತಪ್ಪಿಹೋಗಬಹುದು. ಗಡಿಯಲ್ಲಿ ಬಾಳುವ ನಮಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ.

ನಮ್ಮ ಬಯಲಿನ ಚಿಗರಿ

ಮೇಲಿನ ಎಲ್ಲ ಉದಾಹರಣೆಗಳನ್ನು ಕೂಡಿಸಿ ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಯಾರಾದರೂ ಹೊಣೆ ಹೊತ್ತು, ಎಣಿಸಿ, ಮಿತಿಯನ್ನಿಟ್ಟಲ್ಲಿ ಪ್ರಾಣಿ ಉಳಿಯಿತು. ಹೊಣೆ ಯಾರದೂ ಅಲ್ಲದಲ್ಲಿ ಅಳಿಯಿತು. ದೊರೆ, ಬುಡಕಟ್ಟಿನ ಹಿರಿಯ, ಬೇಟೆಗಾರರ ಸಂಘ, ಸರಕಾರ ಇವರ ಉದ್ದೇಶಗಳು ಬೇರೆಬೇರೆಯಾದರೂ ಫಲ ಒಂದೇ ಆಯಿತು.

ನಮ್ಮ ಸೀಮೆಯ ಚರಿತ್ರೆಯೂ ಇದನ್ನೇ ಸಾರುತ್ತದೆ. 'ಮಾನಸೋಲ್ಲಾಸ'ದಲ್ಲಿ ಪಳಗಿಸಿದ ಚೀತಾದಿಂದ ಚಿಗರಿಯ ಬೇಟೆಯಾಡಿಸುವ ವರ್ಣನೆಯಿದೆ. ೧೯೪೮ರವರೆಗೆ ನಮ್ಮ ಊರು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಆರನೆಯ ನಿಜಾಮರಂತೂ ಬೇಟೆಗೆ ಹೆಸರಾದವರು. ಆ ಸಂಸ್ಥಾನದಲ್ಲಿಯೂ ಚೀತಾ ಬೇಟೆ ಶ್ರೀಮಂತರ ವಿನೋದವಾಗಿತ್ತು. ಕಾಡಿನಿಂದ ಚೀತಾಗಳನ್ನು ಹಿಡಿದು ತರುವುದು ನಡೆದೇ ಇತ್ತು. ಉಳಿದಿರುವುವೆಷ್ಟು ಎಂದು ಎಣಿಸಿದವರಿಲ್ಲ. ೧೯೫೨ರಲ್ಲಿ ಭಾರತದಿಂದ ಚೀತಾ ಅಳಿಯಿತೆಂದು ಘೋಷಿಸಬೇಕಾಯಿತು. ೨೦೨೨ರಲ್ಲಿ ಆಫ್ರಿಕಾದಿಂದ ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೊ ಕಾಡಿಗೆ ಬಿಟ್ಟದ್ದನ್ನು ವಿದ್ಯಾರ್ಥಿಗಳು ಬಲ್ಲರು.

ಚೀತಾ ಅಳಿಯಿತು, ಚಿಗರಿ ಉಳಿಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನೂ ನೀಲಗಿರಿಯ ಕಾಡಾಡನ್ನೂ ಒಂದೇ ಮೊದಲನೆಯ ಅನುಸೂಚಿಯಲ್ಲಿಟ್ಟು ಕಾಯುತ್ತದೆ. ಇವುಗಳ ಬೇಟೆಗೆ ಕನಿಷ್ಠ ೩ ವರ್ಷಗಳಿಂದ ೭ ವರ್ಷಗಳವರೆಗೆ ಸೆರೆವಾಸವಿದೆ. ೧೯೭೪ರಲ್ಲಿ ರಾಣೆಬೆನ್ನೂರಿನಲ್ಲಿ ಚಿಗರಿಗಾಗಿಯೇ ಅಭಯಾರಣ್ಯ ಸ್ಥಾಪನೆಯಾಯಿತು. ಸೋಲಾಪುರದ ಬಳಿಯ ನಾನ್ನಜ್ ಹುಲ್ಲುಗಾವಲಿನಲ್ಲೂ ಅವುಗಳ ಹಿಂಡುಗಳಿವೆ. ಆದರೆ ಹುಲ್ಲುಗಾವಲು ಎಲ್ಲೆಡೆ ಉಳುಮೆಗೆ ಬಂದುದರಿಂದ ಚಿಗರಿಗೆ ಹೊಲವೇ ಮೇವುಗಾವಲಾಯಿತು. ಜೋಳ, ಉದ್ದು, ಸೋಯಾಬೀನುಗಳ ಎಳೆಯ ಮೊಳಕೆ ಒಂದೇ ರಾತ್ರಿಯಲ್ಲಿ ಮಾಯವಾದರೆ, ಎರಡನೆಯ ಬಿತ್ತನೆಗೆ ಬೀಜ, ಗೊಬ್ಬರ, ಮಳೆ ಮೂರೂ ಬೇಕು. ಆ ನಷ್ಟ ಸಣ್ಣದಲ್ಲ. ಪ್ರಾಣಿ ಇಡೀ ದೇಶದ ಸೊತ್ತು, ಅದರ ಮೇವಿನ ಖರ್ಚು ಮಾತ್ರ ಗಡಿಯ ಒಬ್ಬ ರೈತನದು ಎಂದರೆ ಅದು ನ್ಯಾಯವಾಗದು. ಮಕ್ಕಳ ಪ್ರಶ್ನೆಯಲ್ಲಿರುವ ನೋವು ಇದೇ.

ನನ್ನ ಉತ್ತರ ಹೀಗಿದೆ. ಹೊಡೆಯುವುದು ತಪ್ಪು. ಹೊಡೆಯದೆ ನಷ್ಟವನ್ನು ಹೊತ್ತ ರೈತನನ್ನು ಒಂಟಿಯಾಗಿ ಬಿಡುವುದೂ ತಪ್ಪು. ಬೆಳೆಹಾನಿಗೆ ಪರಿಹಾರ ಕೊಡುವ ವ್ಯವಸ್ಥೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಇದೆ. ಹಾನಿಯಾದ ಕೂಡಲೇ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪಂಚನಾಮೆ ಮಾಡಿಸಿಕೊಳ್ಳಬೇಕು. ಅರ್ಜಿ ಬರೆಯಲು ಬಾರದ ಹಿರಿಯರಿಗೆ ನಮ್ಮ ಹಳೆಯ ವಿದ್ಯಾರ್ಥಿಗಳು ನೆರವಾಗಬೇಕು. ಇಲ್ಲಿ ಕಚೇರಿಯ ಭಾಷೆ ಮರಾಠಿ, ಅನೇಕರ ಮನೆಯ ಮಾತು ಕನ್ನಡ. ಎರಡನ್ನೂ ಬಲ್ಲ ನಮ್ಮ ವಿದ್ಯಾರ್ಥಿಗೆ ಇದು ಅರ್ಧ ಗಂಟೆಯ ಕೆಲಸ.

ಉಪಸಂಹಾರ

ಇನ್ನೊಂದು ಕೆಲಸ ಶಾಲೆಯ ಮಕ್ಕಳದು. ಚಿಗರಿ ಕಂಡ ದಿನ, ಸ್ಥಳ, ಹಿಂಡಿನಲ್ಲಿದ್ದ ಕರಿಯ ಗಂಡು, ಕಂದು ಹೆಣ್ಣು ಹಾಗೂ ಮರಿಗಳ ಸಂಖ್ಯೆ, ಅವು ಮೇಯುತ್ತಿದ್ದ ಬೆಳೆ ಇವಿಷ್ಟನ್ನು ಒಂದು ವಹಿಯಲ್ಲಿ ಬರೆದಿಡಲಿ. ಗಡಿಯಾಚೆಯ ಬೀದರ ಜಿಲ್ಲೆಯ ಶಾಲೆಗಳ ಮಕ್ಕಳೂ ಅದೇ ದಿನ ತಮ್ಮ ಕಡೆ ಎಣಿಸಲಿ. ಐದು ವರ್ಷಗಳ ಲೆಕ್ಕ ಕೂಡಿದರೆ, ಚಿಗರಿ ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ, ಯಾವ ಶಿವಾರದ ರೈತನಿಗೆ ಎಷ್ಟು ತೊಂದರೆ ಎಂಬುದನ್ನು ಎರಡೂ ರಾಜ್ಯಗಳ ಅಧಿಕಾರಿಗಳ ಮುಂದೆ ಆಧಾರಸಹಿತ ಇಡಬಹುದು.

ಐವತ್ತು ವರ್ಷ ಅಕ್ಷರವನ್ನು ಕಾಯ್ದ ಈ ಶಾಲೆ ಎಣಿಕೆಯ ಈ ಹೊಣೆಯನ್ನೂ ಹೊರಲೆಂದು ಹಾರೈಸುತ್ತೇನೆ. ಅಮೃತ ಮಹೋತ್ಸವದ ಸಂಚಿಕೆಯಲ್ಲಿ ಆ ವಹಿಯ ಪುಟಗಳು ಅಚ್ಚಾಗಲಿ.