ಎಲ್ಲರಿಗೂ ಒಂದೇ ದಿನ ಬಿಡಬೇಡ

ನೋಡಪ್ಪಾ, ಸಹಕಾರ ಸಂಘಗಳ ಸಾಲದ ಲೆಕ್ಕದ ಸಾಫ್ಟ್‌ವೇರ್‌ಗೆ ಹೊಸ ಆವೃತ್ತಿ ಬಿಡುವ ಹೊಣೆ ನಿನ್ನ ಹೆಗಲಿಗೆ ಬಂತಂತೆ, ಸಂತೋಷ. ಬ್ಲೂ-ಗ್ರೀನೋ, ರೋಲಿಂಗೋ, ಕೆನರಿಯೋ ಎಂದು ಕೇಳಿದ್ದೀಯ. ಹೆಸರು ಆಮೇಲೆ. ಕೆಟ್ಟರೆ ಎಷ್ಟು ಜನಕ್ಕೆ ಕೆಡುತ್ತದೆ, ಎಷ್ಟು ಹೊತ್ತಿನಲ್ಲಿ ಸರಿಮಾಡಬಲ್ಲೆ, ಮೊದಲು ಅದನ್ನು ಹೇಳು.

2024ರ ಜುಲೈ 19 ನೆನಪಿದೆಯಲ್ಲ? ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತೆಯ ಕಂಪನಿ ಒಂದು ಸಣ್ಣ ಫೈಲನ್ನು ಲೋಕಕ್ಕೆಲ್ಲ ಒಟ್ಟಿಗೇ ಕಳಿಸಿತು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ಫೈಲನ್ನು ಒಂದೂವರೆ ಗಂಟೆಯೊಳಗೇ ಹಿಂತೆಗೆದರು. ಏನು ಬಂತು? ಬಿದ್ದ ಯಂತ್ರಗಳನ್ನು ಬಹುಪಾಲು ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು.

ಇದಕ್ಕೆ ತದ್ವಿರುದ್ಧ, ನಮ್ಮ ನೋಂದಣಿ ಇಲಾಖೆಯವರು 2023ರಲ್ಲಿ ಕಾವೇರಿ 2.0 ತಂತ್ರಾಂಶ ತಂದಾಗ ಮೊದಲು ಚಿಂಚೋಳಿ ಮತ್ತು ಬೆಳಗಾವಿ ದಕ್ಷಿಣದ ಉಪನೋಂದಣಿ ಕಚೇರಿಗಳಲ್ಲಿ ಓಡಿಸಿ ನೋಡಿದರು, ಉಳಿದ ಕಡೆಗೆ ಹಂತಹಂತವಾಗಿ ಹೋದರು. ಒಂದು ಗಡಿ ತಾಲ್ಲೂಕು, ಇನ್ನೊಂದು ದೊಡ್ಡ ಊರು. ಈ ಆಯ್ಕೆ ನನಗೆ ಮೆಚ್ಚುಗೆ. ನೀನೂ ಕೆನರಿಗೆ, ಅಂದರೆ ಹೊಸದನ್ನು ಮೊದಲು ಕೆಲವರಿಗಷ್ಟೇ ಕೊಟ್ಟು ನೋಡುವುದಕ್ಕೆ, ನೆಟ್ ಚೆನ್ನಾಗಿರುವ ಬೆಂಗಳೂರಿನ ಸಂಘಗಳನ್ನಷ್ಟೇ ಆರಿಸಬೇಡ. ಕರೆಂಟ್ ಕೈಕೊಡುವ, ಹಳೆ ಕಂಪ್ಯೂಟರ್ ಇರುವ, ನಮ್ಮ ರಾವಂದೂರು ಹೋಬಳಿ ಕಡೆಯ ಸಂಘ ಒಂದಾದರೂ ಇರಲಿ. ಅಲ್ಲಿಯ ಕಾರ್ಯದರ್ಶಿಯ ಗೊಣಗಾಟ ನಿನ್ನ ಡ್ಯಾಶ್‌ಬೋರ್ಡಿಗಿಂತ ಮೊದಲು ಸುದ್ದಿ ಮುಟ್ಟಿಸುತ್ತದೆ.

ಬ್ಲೂ-ಗ್ರೀನ್‌ಗೆ ಸರ್ವರ್ ಎರಡು ಜೊತೆ ಬೇಕು, ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು; ದುಡ್ಡಿನ ಮಾತು. ಹಳೆಯದಕ್ಕೆ ಮರಳುವುದು ಮಾತ್ರ ಕ್ಷಣದ ಕೆಲಸ. ಆದರೆ ಡೇಟಾಬೇಸ್ ಸಾಮಾನ್ಯವಾಗಿ ಒಂದೇ ಕಣಪ್ಪ, ಮೋಸ ಹೋಗುವುದು ಅಲ್ಲೇ. ಹೊಸ ಆವೃತ್ತಿ ಒಂದು ಕಾಲಂ ಅಳಿಸಿಬಿಟ್ಟಿದ್ದರೆ ಹಳೆಯದಕ್ಕೆ ಮರಳಿ ಏನು ಮಾಡುತ್ತೀಯ? ಅದಕ್ಕೇ ಮೊದಲು ಹೊಸ ಕಾಲಂ ಸೇರಿಸು, ಎರಡೂ ಆವೃತ್ತಿ ಅದರೊಂದಿಗೆ ಬಾಳಲಿ, ಹಳೆಯ ಕಾಲಮನ್ನು ಯಾರೂ ಮುಟ್ಟುತ್ತಿಲ್ಲವೆಂದು ಖಾತ್ರಿಯಾದ ಮೇಲೆ ತೆಗೆ. ಸರ್ವರುಗಳನ್ನು ಒಂದೊಂದಾಗಿ ಹೊಸದಕ್ಕೆ ಬದಲಿಸುವ ರೋಲಿಂಗ್‌ನಲ್ಲಂತೂ ಹಳೆಯದು, ಹೊಸದು ಜೊತೆಯಲ್ಲೇ ಓಡುವ ಹೊತ್ತು ಇದ್ದೇ ಇರುತ್ತದೆ.

ಹಾಗೆಂದು ಹಳೆಯದನ್ನು ಹಿಡಿದುಕೊಂಡೇ ಕೂರಬೇಡ. ಭೂಮಿ ಯೋಜನೆಯಲ್ಲಿ ತಾಲ್ಲೂಕಿಗೆ ಕಂಪ್ಯೂಟರ್ ಪಹಣಿ ಬಂದಮೇಲೆ ಕೈಬರಹದ ಪಹಣಿ ನಡೆಯದೆಂದು ಸರ್ಕಾರವೇ ಸಾರಿತು. ಇಲ್ಲದಿದ್ದರೆ ಒಂದೇ ಸರ್ವೆ ನಂಬರಿಗೆ ಎರಡು ಪಹಣಿ ತಿರುಗುತ್ತಿದ್ದವು.

ನಿಮ್ಮದು ಸಣ್ಣ ತಂಡ, ಕೆನರಿಯೇ ಸಾಕು. ಬಡ್ಡಿ ಲೆಕ್ಕದ ಬದಲಾವಣೆಯನ್ನು ಮಾತ್ರ ಬೇಕೆಂದಾಗ ಆರಿಸಬಲ್ಲ ಫೀಚರ್ ಫ್ಲ್ಯಾಗ್ ಹಿಂದೆ ಇಡು. ಮಾರ್ಚ್ ಕೊನೆಯಲ್ಲಿ ಏನನ್ನೂ ಬಿಡಬೇಡ, ಸಾಲ ಕಟ್ಟುವವರು ಸಾಲುಗಟ್ಟಿ ನಿಂತಿರುತ್ತಾರೆ. ಈ ವಾರವೇ ಒಮ್ಮೆ ಹಳೆಯದಕ್ಕೆ ಮರಳುವ ರೋಲ್‌ಬ್ಯಾಕ್ ಮಾಡಿ ನೋಡಿ, ಎಷ್ಟು ನಿಮಿಷ ಹಿಡಿಯಿತೆಂದು ನನಗೆ ಫೋನ್ ಮಾಡು.